ಕುಳಿಯ ಪಕ್ಕದ ಎರಡು ಅಡಿ

ಶನಿವಾರ, ಭಾನುವಾರ ಬೆಳಗಿನ ಜಾವ ಎದ್ದು ನಾನು ಬೇರೆಯವರ ಚೀಲ ಹೊರಲು ಹೋಗುತ್ತೇನೆ. ಗಾಲ್ಫ್ ಮೈದಾನದಲ್ಲಿ ಕ್ಯಾಡಿ ಕೆಲಸ. ಉಳಿದ ದಿನಗಳಲ್ಲಿ ಗ್ರಂಥಾಲಯದಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತೇನೆ. ಬಿ.ಕಾಂ. ಮುಗಿದು ಎಂಟು ವರ್ಷ ಕಳೆದಿದೆ. ಕಳೆದ ಸಲ ಕೆಲಸ ಕೈತಪ್ಪಿದ್ದು ಎರಡೇ ಅಂಕಕ್ಕೆ. ಈಗ ಮದುವೆ, ಗೃಹಪ್ರವೇಶ ಎಂದರೆ ಹೋಗುವುದಕ್ಕೇ ಮನಸ್ಸಿಲ್ಲ. ಊಟದ ಎಲೆ ಮುಂದೆ ಕೂತ ಕೂಡಲೇ ಯಾರಾದರೊಬ್ಬರು ನನ್ನ ವಯಸ್ಸು ಕೇಳುತ್ತಾರೆ.

ವಾಲ್ಟರ್ ಟ್ರಾವಿಸ್ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದು ಇಂಥ ದಿನಗಳಲ್ಲೇ. ನಾನು ಚೀಲ ಹೊರುವ ಹಿರಿಯರೊಬ್ಬರು ಆಟದ ನಡುವೆ ಅವರ ಕಥೆ ಹೇಳಿದರು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಟ್ರಾವಿಸ್ ಹುಟ್ಟಿದ್ದು 1862ರಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಮಾಲ್ಡನ್ ಎಂಬ ಊರಿನಲ್ಲಿ. ಯೌವನದಲ್ಲಿ ಕಬ್ಬಿಣದ ಸಾಮಾನು ರಫ್ತು ಮಾಡುವ ವ್ಯಾಪಾರ ಸಂಸ್ಥೆಯ ಪ್ರತಿನಿಧಿಯಾಗಿ ನ್ಯೂಯಾರ್ಕ್‌ಗೆ ಬಂದರು. ಅಲ್ಲೇ ಮದುವೆ, ಸಂಸಾರ. ಗಾಲ್ಫ್ ಎಂದರೆ ಅವರಿಗೆ ತಾತ್ಸಾರ. 1896ರಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ, ನ್ಯೂಯಾರ್ಕಿನ ಗೆಳೆಯರು ಗಾಲ್ಫ್ ಕ್ಲಬ್ ಕಟ್ಟುತ್ತಿದ್ದಾರೆಂಬ ಸುದ್ದಿ ತಲುಪಿತು. ಅರೆಮನಸ್ಸಿನಿಂದಲೇ ಒಂದಷ್ಟು ಕೋಲುಗಳನ್ನು ಕೊಂಡು ತಂದರು. ಆ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಸಲ ಚೆಂಡು ಹೊಡೆದಾಗ ಅವರಿಗೆ 34 ವರ್ಷ.

ಆ ವಯಸ್ಸಿನಲ್ಲಿ ಶುರು ಮಾಡಿದವರು ಭಾನುವಾರದ ಆಟಗಾರರಾಗಿ ಉಳಿಯುವುದೇ ವಾಡಿಕೆ. ಟ್ರಾವಿಸ್ ಹಾಗೆ ಉಳಿಯಲಿಲ್ಲ. ಕಲಿಸಿಕೊಡಲು ಗುರು ಇರಲಿಲ್ಲವೆಂದು ಸಿಕ್ಕ ಪುಸ್ತಕಗಳನ್ನೆಲ್ಲ ಓದಿದರು, ಓದಿದ್ದನ್ನು ಮೈದಾನದಲ್ಲಿ ಪರೀಕ್ಷಿಸಿದರು. 1898 ಮತ್ತು 1899ರ ಅಮೆರಿಕದ ಅಮೆಚೂರ್ ಚಾಂಪಿಯನ್‌ಷಿಪ್‌ಗಳಲ್ಲಿ ಸೆಮಿಫೈನಲ್‌ವರೆಗೆ ಬಂದರು. ಎರಡೂ ಸಲ ಫಿಂಡ್ಲೆ ಡಗ್ಲಾಸ್ ಎಂಬ ಆಟಗಾರನೇ ಅವರನ್ನು ಸೋಲಿಸಿದ. 1900ರಲ್ಲಿ ಗಾರ್ಡನ್ ಸಿಟಿಯಲ್ಲಿ ಅದೇ ಡಗ್ಲಾಸ್‌ನನ್ನು ಫೈನಲ್‌ನಲ್ಲಿ ಸೋಲಿಸಿ ಟ್ರಾವಿಸ್ ಚಾಂಪಿಯನ್ ಆದರು. 1901 ಮತ್ತು 1903ರಲ್ಲಿ ಮತ್ತೆ ಗೆದ್ದರು. ಎದುರಾಳಿಗಳೆಲ್ಲ ಹೆಚ್ಚಾಗಿ ಹರೆಯದವರು. ಅವರಿಗೆ ಟ್ರಾವಿಸ್ ಮುದುಕಪ್ಪ. ಆ ಅಡ್ಡಹೆಸರು ಕೊನೆಯವರೆಗೂ ಉಳಿಯಿತು.

ಅವರು ಗೆದ್ದದ್ದು ಹೇಗೆ? ಗಾಲ್ಫ್ ನೋಡದವರಿಗೆ ಒಂದು ಮಾತು ಹೇಳಬೇಕು. ಈ ಆಟದಲ್ಲಿ ಉದ್ದ ಹೊಡೆತಕ್ಕೆ ಚಪ್ಪಾಳೆ ಜಾಸ್ತಿ. ಆದರೆ ಲೆಕ್ಕದ ಪುಸ್ತಕದಲ್ಲಿ 250 ಗಜ ಹಾರಿದ ಚೆಂಡೂ ಒಂದು ಹೊಡೆತ, ಕುಳಿಯ ಪಕ್ಕ ಎರಡಡಿಯಿಂದ ತಳ್ಳಿದ ಚೆಂಡೂ ಒಂದು ಹೊಡೆತ. 18 ಕುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ 72 ಹೊಡೆತ ನಿಗದಿ. ಪ್ರತಿ ಕುಳಿಗೆ ಎರಡರಂತೆ ಅದರಲ್ಲಿ 36 ಹೊಡೆತ ಗ್ರೀನ್ ಮೇಲಿನ ಪಟಿಂಗ್‌ಗೇ ಮೀಸಲು. ಅಂದರೆ ಅರ್ಧ ಆಟ! ಕುಳಿಯ ಬಾಯಿಯ ಅಗಲ ನಾಲ್ಕೂಕಾಲು ಇಂಚು ಮಾತ್ರ.

ಟ್ರಾವಿಸ್ ಸಣ್ಣ ಮೈಕಟ್ಟಿನವರು. ಉದ್ದ ಹೊಡೆಯುವುದರಲ್ಲಿ ಹುಡುಗರಿಗೆ ಸಾಟಿಯಾಗಲಾರೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಕೊರಗುತ್ತ ಕೂರದೆ, ಚೆಂಡನ್ನು ನೇರ ಇಡುವುದು, ಗ್ರೀನ್ ಹತ್ತಿರದ ಸಣ್ಣ ಹೊಡೆತ, ಪಟಿಂಗ್ ಈ ಮೂರನ್ನೇ ತಿದ್ದಿ ತೀಡಿದರು. 1901ರಲ್ಲಿ ಬರೆದ ಪುಸ್ತಕದಲ್ಲಿ ಹೊಸಬರಿಗೂ ಅದೇ ದಾರಿ ತೋರಿಸಿದರು: ಮೊದಲು ಕುಳಿಯ ಪಕ್ಕ ನಿಂತು ಸಣ್ಣ ಪಟ್ ಕಲಿಯಿರಿ, ಅಲ್ಲಿಂದ ಸ್ವಲ್ಪ ಸ್ವಲ್ಪ ಹಿಂದೆ ಸರಿಯಿರಿ, ದೊಡ್ಡ ಹೊಡೆತ ಕೊನೆಗೆ ಎಂಬುದು ಅದರ ಸಾರ. ನಾವೆಲ್ಲ ಮಾಡುವುದು ಇದಕ್ಕೆ ತದ್ವಿರುದ್ಧ.

ನಿಜವಾದ ಪರೀಕ್ಷೆ ಬಂದದ್ದು 1904ರಲ್ಲಿ, ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನ ಮೈದಾನದಲ್ಲಿ. ಬ್ರಿಟಿಷ್ ಅಮೆಚೂರ್ ಪ್ರಶಸ್ತಿಯನ್ನು ಅದುವರೆಗೆ ಹೊರಗಿನವರು ಯಾರೂ ಒಯ್ದಿರಲಿಲ್ಲ. ಟ್ರಾವಿಸ್ ಮೊದಲೇ ಹೋಗಿ ಅಭ್ಯಾಸ ಮಾಡಿದರು. ವಿಚಿತ್ರವೆಂದರೆ ಯಾವುದನ್ನು ನಂಬಿ ಹೋಗಿದ್ದರೋ ಆ ಪಟಿಂಗ್ ಅಲ್ಲಿ ಕೈಕೊಟ್ಟಿತು. ಟೂರ್ನಿ ಇನ್ನೇನು ಶುರು ಎನ್ನುವಾಗ ಗೆಳೆಯರೊಬ್ಬರು ತಮ್ಮ ಪಟ್ಟರ್ ಕೊಟ್ಟು ನೋಡಿ ಎಂದರು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನಲ್ಲಿ ಆರ್ಥರ್ ನೈಟ್ ಎಂಬ ಎಂಜಿನಿಯರ್ ರೂಪಿಸಿದ ಕೋಲು ಅದು. ಮಾಮೂಲಿ ಪಟ್ಟರ್‌ಗೆ ಹಿಡಿ ಒಂದು ತುದಿಯಲ್ಲಿದ್ದರೆ, ಇದಕ್ಕೆ ತಲೆಯ ಮಧ್ಯಭಾಗಕ್ಕೆ ಸೇರಿತ್ತು.

ಆ ಕೋಲು ಹಿಡಿದು ಟ್ರಾವಿಸ್ ಒಬ್ಬೊಬ್ಬರನ್ನಾಗಿ ಸೋಲಿಸುತ್ತ ಬಂದರು. ಮಾಜಿ ಚಾಂಪಿಯನ್‌ಗಳಾದ ಹೆರಾಲ್ಡ್ ಹಿಲ್ಟನ್, ಹೊರೇಸ್ ಹಚಿನ್ಸನ್ ಕೂಡ ಸೋತರು. ಫೈನಲ್‌ನಲ್ಲಿ ಎದುರಾದವನು ಎಡ್ವರ್ಡ್ ಬ್ಲ್ಯಾಕ್‌ವೆಲ್, ಆ ಕಾಲದಲ್ಲಿ ಉದ್ದ ಹೊಡೆತಕ್ಕೆ ಹೆಸರಾದ ದೈತ್ಯ. ಅವನ ಚೆಂಡು ಟ್ರಾವಿಸ್‌ರ ಚೆಂಡನ್ನು ದಾಟಿ ಎಷ್ಟೋ ಮುಂದೆ ಬೀಳುತ್ತಿತ್ತು. ಗ್ರೀನ್ ತಲುಪಿದ ಮೇಲೆ ಮಾತ್ರ ಲೆಕ್ಕ ತಿರುಗುತ್ತಿತ್ತು. ಮೂರು ಕುಳಿ ಬಾಕಿ ಇರುವಾಗಲೇ ನಾಲ್ಕು ಕುಳಿಗಳ ಮುನ್ನಡೆ ಪಡೆದು ಟ್ರಾವಿಸ್ ಗೆದ್ದರು. ಆಗ ಅವರಿಗೆ 42 ವರ್ಷ, ಕೋಲು ಹಿಡಿದು ಎಂಟು ವರ್ಷವೂ ತುಂಬಿರಲಿಲ್ಲ. ಆ ಕಪ್ ಮತ್ತೆ ಅಮೆರಿಕಕ್ಕೆ ಹೋದದ್ದು 1926ರಲ್ಲಿ.

ಅಲ್ಲಿಗೆ ಕಥೆ ಸುಖಾಂತ್ಯವಾಗಲಿಲ್ಲ. ಟ್ರಾವಿಸ್ ಹೆಚ್ಚು ಮಾತಿನವರಲ್ಲ, ಸದಾ ಬಾಯಲ್ಲಿ ಚುಟ್ಟಾ, ನಗು ಅಪರೂಪ. ಆತಿಥೇಯರಿಗೂ ಅವರಿಗೂ ಹೊಂದಲಿಲ್ಲ, ಕಹಿ ಉಳಿಯಿತು. 1910ರಲ್ಲಿ ಬ್ರಿಟನ್ನಿನ ಗಾಲ್ಫ್ ಆಡಳಿತ ಆ ಬಗೆಯ ಪಟ್ಟರನ್ನೇ ನಿಷೇಧಿಸಿತು. ನಿಷೇಧ ಸುಮಾರು 40 ವರ್ಷ ಜಾರಿಯಲ್ಲಿತ್ತು. ಗೆಲುವಿನ ಶ್ರೇಯ ಮನುಷ್ಯನಿಗೋ ಕೋಲಿಗೋ ಎಂಬ ಮಾತು ಎದ್ದೇ ಏಳುತ್ತದಲ್ಲ. ಅದಕ್ಕೆ ಉತ್ತರ 1915ರಲ್ಲಿದೆ. ಆ ವರ್ಷ, 53ನೇ ವಯಸ್ಸಿನಲ್ಲಿ, ಅವರು ನ್ಯೂಯಾರ್ಕ್ ಭಾಗದ ಮೆಟ್ರೊಪಾಲಿಟನ್ ಅಮೆಚೂರ್ ಪ್ರಶಸ್ತಿ ಗೆದ್ದರು.

ಈ ನಡುವೆ ಗಾಲ್ಫ್ ಮೈದಾನಗಳನ್ನು ವಿನ್ಯಾಸ ಮಾಡಿದರು. 1908ರಲ್ಲಿ ‘ಅಮೆರಿಕನ್ ಗಾಲ್ಫರ್’ ಪತ್ರಿಕೆ ಶುರು ಮಾಡಿ ಸಂಪಾದಕರಾದರು. 1924ರಲ್ಲಿ ಬಾಬಿ ಜೋನ್ಸ್ ಎಂಬ ಯುವಕನಿಗೆ ಪಟಿಂಗ್ ಪಾಠ ಹೇಳಿದರು: ಪಾದಗಳನ್ನು ಹತ್ತಿರ ಇಟ್ಟುಕೋ, ಹಿಡಿತ ಹೀಗೆ ಬದಲಿಸು ಎಂಬಂಥ ಸಣ್ಣ ತಿದ್ದುಪಡಿಗಳು. ಜೋನ್ಸ್ 1930ರಲ್ಲಿ ಅಮೆರಿಕ, ಬ್ರಿಟನ್ ಎರಡೂ ದೇಶಗಳ ಓಪನ್ ಮತ್ತು ಅಮೆಚೂರ್, ಒಟ್ಟು ನಾಲ್ಕೂ ಪ್ರಶಸ್ತಿಗಳನ್ನು ಒಂದೇ ವರ್ಷ ಗೆದ್ದಾಗ ಅದನ್ನು ನೋಡಲು ಗುರು ಇರಲಿಲ್ಲ. ಟ್ರಾವಿಸ್ 1927ರ ಜುಲೈ 31ರಂದು ಡೆನ್ವರ್‌ನಲ್ಲಿ ತೀರಿಕೊಂಡಿದ್ದರು.

ಸ್ನೇಹಿತರೇ, ತಡವಾದರೂ ಚಿಂತೆಯಿಲ್ಲ ಎಂದು ಹೇಳಿ ಮುಗಿಸಿದರೆ ನಿಮಗೆ ಮೋಸ ಮಾಡಿದಂತೆ. ಟ್ರಾವಿಸ್‌ಗೆ ಉದ್ಯೋಗವಿತ್ತು, ಕೈಯಲ್ಲಿ ಕಾಸಿತ್ತು, ಕ್ಲಬ್ಬಿನ ಬಾಗಿಲು ತೆರೆದಿತ್ತು. ನಮಗೆ ವಯೋಮಿತಿ ಇದೆ, ಬಾಡಿಗೆ ಕಟ್ಟಬೇಕು, ಮನೆಯವರು ಕಾಯುತ್ತಿದ್ದಾರೆ. ಅವರಿಂದ ನಾನು ತೆಗೆದುಕೊಂಡದ್ದು ಬೇರೆಯೇ. ಹೊಡೆತ ಎಲ್ಲಿ ಸೋರುತ್ತಿದೆ ಎಂದು ನೋಡಿ ಅಲ್ಲೇ ಕೆಲಸ ಮಾಡುವುದು.

ಅವರ ಕಥೆ ಓದಿದ ವಾರ ನನ್ನ ಹಳೆಯ ಉತ್ತರ ಪತ್ರಿಕೆಯ ಪ್ರತಿಯನ್ನು ಕೀ ಉತ್ತರದ ಪಕ್ಕ ಇಟ್ಟುಕೊಂಡು ಕೂತೆ. ವರ್ಷಗಟ್ಟಲೆ ಅರ್ಥಶಾಸ್ತ್ರ, ಸಂವಿಧಾನದ ಕಠಿಣ ಪ್ರಶ್ನೆಗಳ ಹಿಂದೆ ಬಿದ್ದಿದ್ದೆ. ಅವೇ ನನ್ನ ಉದ್ದ ಹೊಡೆತಗಳು. ಆದರೆ ತಪ್ಪಾದ ಉತ್ತರಗಳಲ್ಲಿ ಹೆಚ್ಚಿನವು ಕನ್ನಡ ವ್ಯಾಕರಣ, ಶೇಕಡಾವಾರು ಲೆಕ್ಕ, ಪ್ರಶ್ನೆಯಲ್ಲಿದ್ದ ‘ಅಲ್ಲ’ ಎಂಬ ಪದವನ್ನು ಓದದೆ ಗುರುತು ಹಾಕಿದ್ದು! ಕುಳಿಯ ಪಕ್ಕ ಎರಡಡಿಯಲ್ಲಿ ನಿಂತು ತಪ್ಪಿಸಿಕೊಂಡಿದ್ದೆ. ಆ ರಾತ್ರಿ ನಾಚಿಕೆಯೂ ಆಯಿತು, ಸ್ವಲ್ಪ ಧೈರ್ಯವೂ ಬಂತು.

ಈಗ ಬೆಳಗಿನ ಮೊದಲ ಒಂದು ಗಂಟೆ ಸುಲಭ ಎಂದು ಬಿಟ್ಟಿದ್ದ ಪಾಠಗಳಿಗೇ ಮೀಸಲು. ಮುಂದಿನ ಪರೀಕ್ಷೆ ಇನ್ನೂ ಬರಬೇಕು. ಏನಾಗುತ್ತದೋ ಹೇಳಲಾರೆ.

ಸೋಮವಾರ ಸಂಜೆ ಮೈದಾನ ಖಾಲಿ ಇದ್ದಾಗ ನಮಗೂ ಆಡಲು ಬಿಡುತ್ತಾರೆ. ಜೊತೆಯ ಹುಡುಗರು ಡ್ರೈವರ್ ಹಿಡಿದು ಯಾರ ಚೆಂಡು ದೂರ ಎಂದು ಪಂದ್ಯ ಕಟ್ಟುತ್ತಾರೆ. ನಾನು ಯಾರೋ ಕೊಟ್ಟ ಹಳೆಯ ಪಟ್ಟರ್ ಹಿಡಿದು ಗ್ರೀನ್ ಮೇಲೆ ಉಳಿಯುತ್ತೇನೆ. ಎರಡಡಿಯಿಂದ ಸತತ ಇಪ್ಪತ್ತು ಚೆಂಡು ಬೀಳುವವರೆಗೂ ಮೂರಡಿಗೆ ಸರಿಯುವುದಿಲ್ಲ. ಹತ್ತೊಂಬತ್ತನೆಯದು ತಪ್ಪಿದರೆ ಮತ್ತೆ ಒಂದರಿಂದ ಎಣಿಸುತ್ತೇನೆ.