ತಾಂಡಾದ ಕುಣಿತಕ್ಕೆ ಬ್ಯಾಂಡಿನ ಸಾಥ್

ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಸಿಪ್ಪೆಯ ಬಾಳೆಹಣ್ಣಿಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹಣ್ಣಿನ ರುಚಿ ಅಲ್ಲಿಗೇ ಹೋಗಿ ನೋಡಬೇಕು. ಅಲ್ಲಿನ ಲಂಬಾಣಿ ಕುಣಿತದ ಮಟ್ಟು ಮಾತ್ರ ನಮ್ಮ ಕನ್ನಡ ಕೂಟದ ವೇದಿಕೆಗೂ ಬಂದೀತು.

ಈ ಸೀಮೆಯಲ್ಲಿ ಲಂಬಾಣಿಗರ ತಾಂಡಾಗಳು ಬಹಳ. ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದ ಜನ ಅವರು. ರೈಲು ಬಂದು ಆ ದಂಧೆ ನಿಂತಿತು, ತಾಂಡಾಗಳು ನೆಲೆಯೂರಿದವು. ಮನೆಯಲ್ಲಿ ಆಡುವ ಗೋರ್ ಬೋಲಿಗೆ ತನ್ನದೇ ಲಿಪಿಯಿಲ್ಲ. ಹಾಡುಗಳು ಬಾಯಿಂದ ಬಾಯಿಗೆ ಬಂದವು: ಹೋಳಿಗೆ ಲೇಂಗಿ, ದೀಪಾವಳಿಗೆ ಹುಡುಗಿಯರು ದೀಪ ಹಿಡಿದು ಹೇಳುವ ಮೇರಾ, ಶ್ರಾವಣದ ತೀಜ್ ಪದಗಳು.

ಕುಣಿತಕ್ಕೆ ಬೇಕಾದ ವಾದ್ಯ ಎರಡೇ. ಎರಡು ಕೋಲಿನಿಂದ ಬಾರಿಸುವ ನಂಗಾರಾ, ಕಣಕಣ ಎನ್ನುವ ಕಂಚಿನ ಥಾಳಿ. ಹೆಂಗಸರು ದುಂಡಗೆ ನಿಂತು ಮುಂದಕ್ಕೆ ಬಾಗಿ, ಚಪ್ಪಾಳೆ ತಟ್ಟಿ, ಮೇಲೆದ್ದು ಸುತ್ತುತ್ತಾರೆ. ಕನ್ನಡಿ, ಕವಡೆ, ನಾಣ್ಯ ಹೊಲಿದ ಫೇಟಿಯಾ, ಅಂದರೆ ಲಂಗ, ಬಲು ಭಾರವಿರುತ್ತದೆ. ಅದು ಬೀಸಿ ತಿರುಗಿ ಹಿಂದಕ್ಕೆ ಬರುವಷ್ಟು ಹೊತ್ತು ತಾಳ ಕಾಯಲೇಬೇಕು. ಈಗ ಯೂಟ್ಯೂಬಿನ ತುಂಬ ಬಂಜಾರಾ, ಅಂದರೆ ಲಂಬಾಣಿ, ಡಿಜೆ ಹಾಡುಗಳಿವೆ. ಕೀಬೋರ್ಡು, ಎಲೆಕ್ಟ್ರಾನಿಕ್ ಪ್ಯಾಡು, ನೆಲ ನಡುಗಿಸುವ ಸ್ಪೀಕರು. ಮದುವೆ ಹುಡುಗರಿಗೆ ಅದು ಸರಿ. ಆದರೆ ಆ ಓಟಕ್ಕೆ ಫೇಟಿಯಾ ಉಟ್ಟವರು ಬಾಗಿ ಏಳುವುದಾದರೂ ಹೇಗೆ?

ಕಲಬುರಗಿ ಪೇಟೆಯ ಮದುವೆ ಮೆರವಣಿಗೆಯ ಬ್ಯಾಂಡು ಇನ್ನೊಂದು ದಾರಿ ತೋರಿಸುತ್ತದೆ. 1948ರವರೆಗೆ ಈ ನಗರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಯುರೋಪಿನ ಸೈನ್ಯದ ಬ್ಯಾಂಡು ಭಾರತದ ಅರಮನೆಗಳಿಗೆ ಬಂತು, ಅಲ್ಲಿಂದ ಮದುವೆ ಮನೆಗೆ ಇಳಿಯಿತು. ಟ್ರಂಪೆಟ್, ಕ್ಲಾರಿನೆಟ್, ಯುಫೋನಿಯಂ, ಸೈಡ್ ಡ್ರಮ್ ಎಲ್ಲವೂ ಹೊರಗಿನವು. ನುಡಿಸುವ ಕ್ರಮ ಮಾತ್ರ ನಮ್ಮದು. ಮಾಸ್ತರರು ಒಂದು ಸಾಲು ನುಡಿಸುತ್ತಾರೆ, ಹಿಂದಿನವರೆಲ್ಲ ಕೂಡಿ ಅದನ್ನೇ ತಿರುಗಿ ಊದುತ್ತಾರೆ. ತಾಂಡಾದಲ್ಲೂ ಒಬ್ಬಾಕೆ ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿಯುತ್ತಾರೆ. ದೊಡ್ಡ ಬ್ಯಾಂಡಿಗೆ ಬೇಕಾದ ಹಂಚಿಕೆ ಹಾಡಿನೊಳಗೇ ಇದೆಯಲ್ಲ!

ಹಳ್ಳಿಯ ಮಟ್ಟನ್ನು ಬೇರೆ ವಾದ್ಯಗಳಿಗೆ ಒಗ್ಗಿಸುವ ಕೆಲಸ ಬೇರೆ ಕಡೆಯೂ ನಡೆದಿದೆ. ಆಮ್‌ಸ್ಟರ್‌ಡ್ಯಾಮ್‌ನ ಪ್ರಕಾಶಕ ಎಸ್ತಿಯೆನ್ ರೋಜೆ 1700ರ ನಂತರದ ವರ್ಷಗಳಲ್ಲಿ ಹಳ್ಳಿಯ ಹಾಡು, ಕುಣಿತದ ಹತ್ತಿರಹತ್ತಿರ 1000 ಮಟ್ಟುಗಳನ್ನು ಕಂತುಕಂತಾಗಿ ಅಚ್ಚು ಹಾಕಿಸಿದ. ಅದರಲ್ಲಿರುವುದು ಬರೀ ಮಟ್ಟು. ಡಚ್, ಫ್ಲೆಮಿಷ್ ಜನಪದ ವಾದಕರು ಇಂಥ ಹಳೆಯ ಮಟ್ಟುಗಳಿಗೆ ಅಕಾರ್ಡಿಯನ್, ಪಿಟೀಲು, ಸ್ಯಾಕ್ಸೊಫೋನ್ ಕೂಡಿಸಿ ಮತ್ತೆ ಜನರನ್ನು ಕುಣಿಸುತ್ತಿದ್ದಾರೆ. ಲಂಬಾಣಿ ಪದಗಳ ಸಾಹಿತ್ಯ ಕನ್ನಡ ಲಿಪಿಯಲ್ಲಿ ಅಚ್ಚಾಗಿದೆ. ಮಟ್ಟು ಬೇಕೆಂದರೆ ಹಾಡುವವರ ಎದುರೇ ಕೂರಬೇಕು.

ಶಾಲೆಯ ಬ್ಯಾಂಡಿನಲ್ಲಿ ನುಡಿಸುವ ಕೂಟದ ಮಕ್ಕಳಿಗೆ ಇದು ಕೈಗೆಟುಕದ ಕೆಲಸವೇನಲ್ಲ. ಎತ್ತುವ ಸಾಲು ಒಂದೇ ಕ್ಲಾರಿನೆಟ್ಟಿಗೆ ಇರಲಿ, ಹಿಡಿಯುವ ಸಾಲು ಟ್ರಂಪೆಟ್, ಸ್ಯಾಕ್ಸೊಫೋನ್‌ಗಳಿಗೆಲ್ಲ. ಥಾಳಿ ಸಿಗದಿದ್ದರೆ ಅಡುಗೆಮನೆಯ ಕಂಚಿನ ತಟ್ಟೆಯೇ ಆದೀತು, ಅಮ್ಮ ಒಪ್ಪಿದರೆ. ಸಾಲುಸಾಲಿಗೂ ಕಾರ್ಡ್ ಬದಲಿಸುವ ಚಪಲ ಮಾತ್ರ ಬೇಡ. ಕೆಲವೇ ಸ್ವರಗಳಲ್ಲಿ ಓಡಾಡುವ ಮಟ್ಟು ಅದರ ಕೆಳಗೆ ಮುಚ್ಚಿಹೋಗುತ್ತದೆ. ಟ್ಯೂಬಾ ಒಂದೇ ಷಡ್ಜ ಹಿಡಿದು ನಿಂತರೆ ಸಾಕು. ದಿನವಿಡೀ ಒಂದೇ ಸ್ವರವೇ ಎಂದು ಟ್ಯೂಬಾದವನು ಗೊಣಗಿದರೆ, ಎರಡನೇ ಸುತ್ತಿನಲ್ಲಿ ನಂಗಾರಾದ ಪೆಟ್ಟಿಗೆ ಸರಿಯಾಗಿ ಆ ಷಡ್ಜವನ್ನೇ ಕಡಿದು ಕಡಿದು ಊದಲಿ.