ಬೀಳಗಿಯ ಅಮೀರಬಾಯಿ ಕರ್ನಾಟಕಿ

ಹಳೆಯ ಹಿಂದಿ ಚಿತ್ರಗೀತೆಗಳ ಸಂಗ್ರಹದ ಕ್ಯಾಸೆಟ್ಟೋ ಸಿ.ಡಿ.ಯೋ ನಿಮ್ಮ ಮನೆಯ ಕಪಾಟಿನಲ್ಲಿ ಉಳಿದಿದ್ದರೆ, ಅದರ ಮೇಲಿನ ಪಟ್ಟಿಯನ್ನು ಒಮ್ಮೆ ಓದಿ ನೋಡಿ. 'ಕಿಸ್ಮತ್', 'ರತನ್' ಚಿತ್ರಗಳ ಹಾಡುಗಳ ಪಕ್ಕ ಅಮೀರಬಾಯಿ ಕರ್ನಾಟಕಿ ಎಂಬ ಹೆಸರು ಸಿಕ್ಕೀತು. ಮುಂಬಯಿಯಲ್ಲಿ ಕೀರ್ತಿ ಗಳಿಸಿದ ಈ ಗಾಯಕಿ ನಮ್ಮ ಉತ್ತರ ಕರ್ನಾಟಕದವರೆಂದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರು ಮಾತ್ರ ನಾಡನ್ನು ಹೆಸರಿನಲ್ಲೇ ಹೊತ್ತು ನಡೆದರು.

ಅಮೀರಬಾಯಿ ಹುಟ್ಟಿದ್ದು 20ನೇ ಶತಮಾನದ ಆರಂಭದ ವರ್ಷಗಳಲ್ಲಿ, ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಮುಸ್ಲಿಂ ಕುಟುಂಬವೊಂದರಲ್ಲಿ. ಹಾಡು, ನಾಟಕ ಮನೆಯಲ್ಲೇ ಇದ್ದವು. ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲವದು. ಬಣ್ಣ ಹಚ್ಚಿದ ಹೆಣ್ಣುಮಗಳನ್ನು ಸಮಾಜ ಗೌರವದಿಂದ ಕಾಣುತ್ತಿರಲಿಲ್ಲ. ಹಾಡು ಬೇಕು, ಹಾಡಿದವಳು ಬೇಡ ಎಂಬಂಥ ರೀತಿ! ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿ ಸೇರಿ, ಮುಂದೆ ಅವರನ್ನೇ ಮದುವೆಯಾಗಿ, ಜನರ ಅಸಮಾಧಾನವನ್ನು ಬಹಳ ಕಾಲ ಸಹಿಸಿದರು.

ತಂಗಿ ಸಿನಿಮಾದ ದಾರಿ ಹಿಡಿದರು. 1934ರ 'ವಿಷ್ಣುಭಕ್ತಿ'ಯಲ್ಲಿ ಪಾತ್ರ ದೊರೆಯಿತು. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷವಷ್ಟೇ ಹಿಡಿಯುತ್ತಿತ್ತು. ಆಲಾಪಕ್ಕೆ ಅವಕಾಶವಿಲ್ಲ, ಮೊದಲ ಸಾಲಿನಲ್ಲೇ ಕೇಳುಗನನ್ನು ಹಿಡಿಯಬೇಕು. ಎಚ್.ಎಂ.ವಿ.ಗಾಗಿ ಹಾಡಿದ ಒಂದು ಕವ್ವಾಲಿ ಅವರನ್ನು ಜನಪ್ರಿಯಗೊಳಿಸಿತು. 1940ರ 'ನರಸಿ ಭಗತ್' ಚಿತ್ರಕ್ಕೆ ಗಾಂಧೀಜಿಯವರಿಗೆ ಪ್ರಿಯವಾಗಿದ್ದ ಗುಜರಾತಿ ಭಜನೆಯನ್ನು ಹಾಡಿದರು.

1943ರಲ್ಲಿ ಬಾಂಬೆ ಟಾಕೀಸಿನ 'ಕಿಸ್ಮತ್' ಬಂತು. ಸಂಗೀತ ಅನಿಲ್ ಬಿಸ್ವಾಸ್ ಅವರದು. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಆರಿರಲಿಲ್ಲ. ಅದರಲ್ಲಿ ಪರದೇಶಿಯರನ್ನು ದೂರ ಸರಿಯಿರೆಂದು ಎಚ್ಚರಿಸುವ, ಕವಿ ಪ್ರದೀಪರ ಗೀತೆಯೊಂದನ್ನು ಅಮೀರಬಾಯಿ ಖಾನ್ ಮಸ್ತಾನಾ ಅವರೊಂದಿಗೆ ಹಾಡಿದರು. ಜರ್ಮನ್, ಜಪಾನಿಗಳ ಹೆಸರಿದ್ದುದರಿಂದ ಹಾಡು ಬ್ರಿಟಿಷರ ಸೆನ್ಸಾರ್ ದಾಟಿತು. ಮಾತು ಯಾರಿಗೆಂದು ಪ್ರೇಕ್ಷಕರಿಗೆ ಗೊತ್ತಿತ್ತು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು.

ಮರುವರ್ಷ ನೌಷಾದರ 'ರತನ್'. ಇತರ ಗಾಯಕಿಯರಿಗೆ ಹಾಡೊಂದಕ್ಕೆ 500 ರೂಪಾಯಿ ಸಿಗುತ್ತಿದ್ದಾಗ ಇವರಿಗೆ 1000 ಸಿಗುತ್ತಿತ್ತೆಂದು 'ಫಿಲ್ಮ್ ಇಂಡಿಯಾ'ದ ಬಾಬುರಾವ್ ಪಟೇಲರು ಬರೆದಿದ್ದಾರೆ. 1946ರ ಗುಜರಾತಿ ಚಿತ್ರ 'ರಾಣಕದೇವಿ'ಗೂ ಹಾಡಿದರು. 1948ರ 'ಶಹನಾಜ್' ಚಿತ್ರಕ್ಕೆ ಸ್ವತಃ ಸಂಗೀತವನ್ನೂ ಕೊಟ್ಟರು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ನಮಗೆ ಒಂದೇ ಸಂತೆಯಲ್ಲಿ ನಾಲ್ಕು ಭಾಷೆ ಕೇಳುವುದು ಹೊಸದಲ್ಲ. ಆದರೆ ಹಲವು ಭಾಷೆಗಳ ಜನರ ಮನಸ್ಸು ಗೆಲ್ಲುವಂತೆ ಹಾಡುವುದು ಬೇರೆ ಮಾತು.

ಮನೆಯೊಳಗೆ ಈ ಯಶಸ್ಸು ಇರಲಿಲ್ಲ. ನಟ ಹಿಮಾಲಯವಾಲಾ ಅವರೊಂದಿಗಿನ ದಾಂಪತ್ಯ ಕಷ್ಟದಲ್ಲೇ ಮುರಿಯಿತು. ಅನಂತರ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ವರಿಸಿದರು. ಅಷ್ಟರಲ್ಲಿ ಲತಾ ಮಂಗೇಶ್ಕರರ ಯುಗ ಬಂತು. ಧ್ವನಿವರ್ಧಕವಿಲ್ಲದ ನಾಟಕದ ಡೇರೆಯಲ್ಲಿ ಕೊನೆಯ ಸಾಲಿಗೂ ಮುಟ್ಟುವಂಥ ತುಂಬುಕಂಠ ಹಳೆಯದೆನಿಸಿತು. ಅಮೀರಬಾಯಿ ಮನೆ ಸೇರಲಿಲ್ಲ. ತಾನೇ ನಾಯಕಿಯಾಗಿದ್ದ ಉದ್ಯಮದಲ್ಲಿ ಸಣ್ಣ ಪೋಷಕ ಪಾತ್ರಗಳನ್ನು ಒಪ್ಪಿಕೊಂಡು ದುಡಿದರು. ನನಗೆ 'ಕಿಸ್ಮತ್'ನ ಯಶಸ್ಸಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

1964ರಲ್ಲಿ ಗೋಹರಬಾಯಿ ತೀರಿಕೊಂಡರು. ಮರುವರ್ಷ, 1965ರ ಮಾರ್ಚಿನಲ್ಲಿ, ಪಾರ್ಶ್ವವಾಯುವಿನಿಂದ ಅಮೀರಬಾಯಿಯೂ ಹೋದರು. ವಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಇತ್ತು. ಅವರ ಜೀವನವನ್ನು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕವಾಗಿ ಬರೆದಿದ್ದಾರೆ, ವಿದ್ಯಾರ್ಥಿಗಳು ಹುಡುಕಿ ಓದಬಹುದು. ಹಾಡುಗಳ ಸಂಗ್ರಹ ಸಿಕ್ಕರೆ ಮೊದಲು 'ರತನ್'ನದನ್ನೇ ಹಾಕಿ. ತಟ್ಟೆಯ ಕರಕರ ಸದ್ದಿದ್ದರೆ ಬೇಸರ ಬೇಡ, ಎರಡನೆಯ ಸಾಲಿಗೆ ಅದು ಮರೆತುಹೋಗುತ್ತದೆ.