ರಮಾಬಾಯಿ ಮುಚ್ಚದ ಬಾಗಿಲು

1893ರಲ್ಲಿ ಪುಣೆಯಲ್ಲಿ ದೊಡ್ಡ ಗಲಾಟೆಯೇ ಆಯ್ತು. ಕಾರಣ, ಒಂದು ತೆರೆದ ಬಾಗಿಲು. ಪಂಡಿತಾ ರಮಾಬಾಯಿ ಮಗಳು ಮನೋರಮಾ ಜೊತೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಅವರು ನಡೆಸುತ್ತಿದ್ದ ಶಾರದಾ ಸದನದ ಬಾಲವಿಧವೆಯರಲ್ಲಿ ಕೆಲವರು ಬಂದು ಜೊತೆಗೆ ಕೂರತೊಡಗಿದ್ದರು. ಇದು ಪ್ರಾರ್ಥನೆಯಲ್ಲ, ಮತಾಂತರದ ಹುನ್ನಾರ ಅಂತ ತಿಲಕರ ಕೇಸರಿ ಪತ್ರಿಕೆ ಹರಿಹಾಯ್ದಿತು. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರೂ ಹೊರನಡೆದರು. ಹಲವು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಸದನದಲ್ಲಿ ಹುಡುಗಿಯರ ಪೂಜೆಗಾಗಲಿ, ಜಾತಿ ನೇಮಗಳಿಗಾಗಲಿ ಅಡ್ಡಿಯಿರಲಿಲ್ಲ. ಅವರಿಗಿದ್ದ ಸ್ವಾತಂತ್ರ್ಯ ತನಗೂ ಇರಬೇಕೆಂಬುದಷ್ಟೇ ರಮಾಬಾಯಿಯವರ ವಾದ. ಬಾಗಿಲು ಮಾತ್ರ ಅವರು ಹಾಕಲಿಲ್ಲ.

ಈಕೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ಕೋಪಕ್ಕೆ ಗುರಿಯಾದವರು. ಊರೂರು ಅಲೆಯುತ್ತ ಪುರಾಣ ಓದೋದು ಆ ಕುಟುಂಬಕ್ಕೆ ಭಕ್ತಿಯೂ ಹೌದು, ಹೊಟ್ಟೆಪಾಡೂ ಹೌದು. 1870ರ ದಶಕದ ಬರದಲ್ಲಿ ವ್ರತ, ದಾನ ಎಲ್ಲ ಮಾಡಿಯೂ ತಂದೆ, ತಾಯಿ, ಅಕ್ಕ ತೀರಿಕೊಂಡರು. ಮುಂದೆ ಕಲ್ಕತ್ತೆಯ ವಿದ್ವಾಂಸರು ಆಕೆಯ ಸಂಸ್ಕೃತಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಜಾತಿ ಮೀರಿ ಮದುವೆಯಾದರು. ಎರಡೇ ವರ್ಷಕ್ಕೆ ಗಂಡ ಹೋದರು.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ. ಅಲ್ಲಿಗೆ ಕಥೆ ಮುಗಿಯಿತು ಅಂತ ಅಲ್ಲಿನ ಸನ್ಯಾಸಿನಿಯರು ಅಂದುಕೊಂಡಿರಬೇಕು. ಪುರೋಹಿತರ ಹಿಡಿತ ಬಿಡಿಸಿಕೊಂಡು ಬಂದವರು ಪಾದ್ರಿಗಳ ಹಿಡಿತಕ್ಕೆ ಸಿಗುತ್ತಾರಾ? ತ್ರಯೇಕತ್ವದ ಬಗ್ಗೆ ಜಗಳ ತೆಗೆದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ತಕರಾರು ಎತ್ತಿದರು. ಕೊನೆತನಕ ಸಸ್ಯಾಹಾರಿಯಾಗಿಯೇ ಉಳಿದರು.

1896ರಲ್ಲಿ ಮತ್ತೆ ಬರ. ಈ ಸಲ ಅವರೇ ಮಧ್ಯ ಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ನೇಯ್ಗೆ, ಎಣ್ಣೆ ಗಾಣ, ಹೈನು, ಅಚ್ಚುಕೂಟ ಎಲ್ಲವನ್ನೂ ನಡೆಸಿದ್ದು ಆ ಹೆಂಗಸರೇ. ಅಲ್ಲಿ ಪ್ರಾರ್ಥನೆಗೊಂದು ಲೋಕ, ದುಡಿಮೆಗೊಂದು ಲೋಕ ಅಂತ ಇರಲಿಲ್ಲ. ಅನ್ನ ಕೊಡುವ ಕೈಯೇ ದೇವರನ್ನೂ ತೋರಿಸಿದಾಗ ಹಸಿದವರ ಆಯ್ಕೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಯೂ ಇಲ್ಲಿದೆ. ಪುಣೆಯ ಸುಧಾರಕರ ಅನುಮಾನವನ್ನು ಪೂರ್ತಿ ತಳ್ಳಿಹಾಕಲು ನನಗಂತೂ ಆಗಲ್ಲ. ಆದರೆ ಆ ಹುಡುಗಿಯರಿಗೆ ಓದು, ಕಸುಬು ಕೊಡಲು ಎಷ್ಟು ಜನ ಮುಂದೆ ಬಂದಿದ್ದರು ಅಂತಲೂ ಕೇಳಬೇಕಲ್ಲ.

1905ರಲ್ಲಿ ಇದೇ ಹೆಂಗಸರು ಅಳುತ್ತ, ಕೂಗುತ್ತ, ನೂರಾರು ದನಿಗಳಲ್ಲಿ ಒಟ್ಟಿಗೇ ಪ್ರಾರ್ಥಿಸತೊಡಗಿದರು. ಕೆಲವು ಮಿಷನರಿಗಳಿಗೆ ಇದು ಇರುಸುಮುರುಸಾಯ್ತು. ಪ್ರಾರ್ಥನೆ ಅಂದ್ರೆ ಇಂಗ್ಲಿಷ್ ಚರ್ಚಿನ ಶಿಸ್ತೇ ಆಗಬೇಕಿಲ್ಲ, ಭಾರತದ ಹೆಣ್ಣುಮಕ್ಕಳು ತಮ್ಮದೇ ರೀತಿಯಲ್ಲಿ ಮಾಡಲಿ ಅಂತ ರಮಾಬಾಯಿ ಅವರ ಬೆನ್ನಿಗೆ ನಿಂತರು.

ಆ ಹೊತ್ತಿಗೆ ಇನ್ನೊಂದು ಕೆಲಸಕ್ಕೂ ಕೂತಿದ್ದರು. ಆಗಿದ್ದ ಮರಾಠಿ ಬೈಬಲ್ಲಿನ ಸಂಸ್ಕೃತಮಯ ಭಾಷೆ ಮುಕ್ತಿಯ ಹೆಂಗಸರಿಗೆ ದಕ್ಕುತ್ತಿರಲಿಲ್ಲ. ಒಂದು ಕಾಲಕ್ಕೆ ಶಿಲುಬೆಯ ಮೇಲೆ ಸಂಸ್ಕೃತ ಕೇಳಿದ್ದ ಪಂಡಿತೆ, ಹೀಬ್ರೂ, ಗ್ರೀಕ್ ಮೂಲಗಳನ್ನಿಟ್ಟುಕೊಂಡು ಆಡುಮಾತಿನ ಮರಾಠಿಗೆ ಅದನ್ನು ತರುತ್ತ ವರ್ಷಗಟ್ಟಲೆ ಕಳೆದರು. ಶೈಲಿ ಒರಟು ಅಂತ ಟೀಕೆಯೂ ಬಂತು, ಅದು ಬೇರೆ ಮಾತು ಬಿಡಿ. 1922ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಇಡೀ ಬೈಬಲ್ ಹೊರಬಂದದ್ದು 1924ರಲ್ಲಿ, ಮುಕ್ತಿಯ ಹೆಂಗಸರೇ ಮೊಳೆ ಜೋಡಿಸುತ್ತಿದ್ದ ಅಚ್ಚುಕೂಟದಿಂದ.